ಬೆರಳಿಲ್ಲದ ಕಪ್ಪೆಗಳ ಮುಂಗಾರು

ಕಲಬುರಗಿಯ ಬಸ್ ನಿಲ್ದಾಣದ ಹೊರಗೆ, ಆಟೊಗಳು ಸಾಲುಗಟ್ಟಿ ನಿಲ್ಲುವ ಕಡೆ, ಕಮಲಾಪುರದ ಕೆಂಪು ಬಾಳೆಹಣ್ಣು ಮಾರುವ ಹೆಂಗಸೊಬ್ಬಳು ಕೂರುತ್ತಾಳೆ. ಮೊನ್ನೆ ಮುಂಗಾರಿನ ಮೊದಲ ಮಳೆ ಜೋರಾಗಿ ಬಂದು ನಿಂತಿತ್ತು. ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಆಕೆ ಸರಿಸಿದಳು. ಆ ಹಣ್ಣಿನ ದಟ್ಟ ಸಿಹಿ ವಾಸನೆ ಒದ್ದೆ ಮಣ್ಣಿನ ವಾಸನೆಯೊಂದಿಗೆ ಬೆರೆತು ಮೂಗಿಗೆ ಬಡಿಯಿತು. ಕಾಲೇಜಿನಿಂದ ಮನೆಗೆ ಹೊರಟಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಆ ಎರಡು ವಾಸನೆ ಒಟ್ಟಿಗೆ ಬಂದರೆ ನನಗೆ ಒಂದೇ ಒಂದು ಮಳೆಗಾಲ ನೆನಪಾಗುತ್ತದೆ. ಹನ್ನೆರಡು ವರ್ಷ ಹಿಂದಿನದು. ಆ ಮಳೆಗಾಲದಲ್ಲಿ ನಾನು ಒಬ್ಬ ಮುದುಕಿಯ ಎದುರಿಗೆ ನಿಂತು ಸುಳ್ಳು ಹೇಳಿದೆ. ಆ ಮಳೆಗಾಲ ಕಳೆದ ಮೇಲೆ ಅದನ್ನು ಯಾರಿಗೂ ಪೂರ್ತಿಯಾಗಿ ಹೇಳಿಕೊಂಡಿಲ್ಲ.

ಆಗ ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಮನೆ ಸೇಡಂ ರಸ್ತೆಯ ಬಡಾವಣೆಯೊಂದರಲ್ಲಿ. ಅಪ್ಪ ಬೇಳೆ ಮಿಲ್ಲಿನಲ್ಲಿ ಗುಮಾಸ್ತ. ಕೊನೆಯ ವರ್ಷದ ಪ್ರಬಂಧಕ್ಕೆ ಜೊತೆಯವರೆಲ್ಲ ಪ್ರಯೋಗಾಲಯದೊಳಗೇ ಮುಗಿಯುವ ವಿಷಯ ಹುಡುಕಿಕೊಂಡರು. ನಾನು ಗೂಳಿಗಪ್ಪೆಯನ್ನು ಆರಿಸಿಕೊಂಡೆ. ನಮ್ಮ ಸೀಮೆಯ ಕಪ್ಪೆಗಳಲ್ಲೆಲ್ಲ ದೊಡ್ಡದು, ಒಂದು ಕೈಯಲ್ಲಿ ಹಿಡಿಸುವುದಿಲ್ಲ. ಬೇಸಗೆ ಪೂರ್ತಿ ಮಣ್ಣಿನೊಳಗೆ ಹೂತುಕೊಂಡು, ಮೈಯ ಕೊಬ್ಬನ್ನೇ ಕರಗಿಸಿಕೊಂಡು ಬದುಕುತ್ತದೆ. ಮೊದಲ ದೊಡ್ಡ ಮಳೆಗೆ ಎಲ್ಲವೂ ಒಮ್ಮೆಲೇ ಹೊರಬೀಳುತ್ತವೆ. ಮಣ್ಣುಬಣ್ಣದ ಗಂಡುಗಳು ನೋಡನೋಡುತ್ತ ನಿಂಬೆಹಣ್ಣಿನಷ್ಟು ಹಳದಿಯಾಗುತ್ತವೆ. ಕೊರಳಿನ ಎರಡೂ ಕಡೆ ನೀಲಿ ಚೀಲ ಉಬ್ಬಿಸಿ ಹಾಡುಹಗಲಲ್ಲೇ ಕೂಗುತ್ತವೆ. ಆ ಸಂಭ್ರಮ ಎರಡು ಮೂರು ದಿನ ಮಾತ್ರ. ಆಮೇಲೆ ಬಣ್ಣವೂ ಇಲ್ಲ, ಕೂಗೂ ಇಲ್ಲ. ಒಮ್ಮೆ ಕೂಡಿದ ಹೊಂಡಕ್ಕೆ ಅದೇ ಕಪ್ಪೆಗಳು ಮುಂದಿನ ಮಳೆಗೂ ಬರುತ್ತವೆಯೇ ಎಂಬುದು ನನ್ನ ಪ್ರಶ್ನೆ.

ಉತ್ತರ ಬೇಕಾದರೆ ಪ್ರತಿ ಕಪ್ಪೆಯನ್ನೂ ಗುರುತು ಹಿಡಿಯಬೇಕು. ಅದಕ್ಕೆ ಹಳೆಯ ವಿಧಾನವೊಂದಿದೆ: ಸಣ್ಣ ಕತ್ತರಿಯಿಂದ ಒಂದೋ ಎರಡೋ ಬೆರಳಿನ ತುದಿ ಕತ್ತರಿಸುವುದು. ದೊಡ್ಡ ಕಪ್ಪೆಗೆ ಕತ್ತರಿಸಿದ ಬೆರಳು ಮತ್ತೆ ಬೆಳೆಯುವುದಿಲ್ಲ. ಯಾವ ಕಾಲಿನ ಎಷ್ಟನೇ ಬೆರಳು ಇಲ್ಲ ಎಂದು ನೋಡಿದರೆ ಆ ಕಪ್ಪೆಯ ಸಂಖ್ಯೆ ತಿಳಿಯುತ್ತದೆ. ಗಂಡಿನ ಮುಂಗಾಲಿನ ಹೆಬ್ಬೆರಳನ್ನು ಮಾತ್ರ ಮುಟ್ಟಬಾರದು. ಹೆಣ್ಣನ್ನು ಅದು ತಬ್ಬಿ ಹಿಡಿಯುವುದು ಆ ಬೆರಳಿನ ಒರಟು ಗಂಟಿನ ಬಲದಿಂದ. ಇದಕ್ಕೆಲ್ಲ ಅರಣ್ಯ ಇಲಾಖೆಯ ಅನುಮತಿ ಬೇಕು. ಅರ್ಜಿ ಹೋಗಿತ್ತು, ಪತ್ರ ಬಂದಿರಲಿಲ್ಲ. ನಮ್ಮ ಗೈಡ್ ಸರ್ ಹೇಳಿದರು, "ಪತ್ರ ಇವತ್ತಲ್ಲ ನಾಳಿ ಬರ್ತದ. ಮಳಿ ನಿನ್ನ ಸಲುವಾಗಿ ನಿಂದರತದೇನು? ಶುರು ಮಾಡು."

ನಾನು ಶುರು ಮಾಡಿದೆ.

ಹೊಂಡ ಇದ್ದದ್ದು ಮಹಾಗಾಂವ ದಾಟಿ ಕಮಲಾಪುರದ ಕಡೆ ಹೋಗುವಾಗ ಒಳಗೆ ಸಿಗುವ ಒಂದು ಹಳ್ಳಿಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಹಿಂದೆ ಯಾರೋ ರಸ್ತೆಗೆ ಹಾಕಲು ಮುರುಮು ಮಣ್ಣು ತೆಗೆದುಕೊಂಡು ಹೋದ ತಗ್ಗು ಅದು; ಮಳೆ ಬಂದರೆ ಕೆಂಪು ನೀರು ತುಂಬುತ್ತಿತ್ತು. ಒಂದು ಬದಿಗೆ ರೇವಣಸಿದ್ದಪ್ಪನ ಬಾಳೆತೋಟ, ತೋಟದ ಬೇಲಿಯ ಮೂಲೆಯಿಂದ ಸ್ವಲ್ಪ ಈಚೆಗೆ ನಾಗಮ್ಮನ ತಗಡಿನ ಮನೆ. ರೇವಣಸಿದ್ದಪ್ಪ ಊರಿನಲ್ಲಿ ಮಾತು ನಡೆಯುವ ಮನುಷ್ಯ, ಅರವತ್ತರ ಹತ್ತಿರ. ನಾಗಮ್ಮನಿಗೆ ಎಪ್ಪತ್ತು ದಾಟಿತ್ತು. ಮೊದಲು ಹೆರಿಗೆ-ಬಾಣಂತನ ಮಾಡಿಸುತ್ತಿದ್ದಳಂತೆ, ಬೇರು-ಎಲೆ ಕೊಡುತ್ತಿದ್ದಳಂತೆ. ಎಲ್ಲರೂ ಆಸ್ಪತ್ರೆಗೆ ಹೋಗತೊಡಗಿದ ಮೇಲೆ ಆ ಕೆಲಸ ನಿಂತಿತ್ತು. ಮಗ ಕಾಶಿನಾಥ, ನಲವತ್ತರ ಆಸುಪಾಸು, ಮಳೆಗಾಲದಲ್ಲಿ ಹೊಂಡ-ಹಳ್ಳಗಳಲ್ಲಿ ಮೀನು ಹಿಡಿದು ಕಮಲಾಪುರದಲ್ಲಿ ಮಾರುತ್ತಿದ್ದ.

ಮೊದಲ ದಿನವೇ ಊರಿಗೆ ನನ್ನ ಮೇಲೆ ಅನುಮಾನ ಬಂತು. ಪುಸ್ತಕ, ಅಳತೆಪಟ್ಟಿ, ಬಕೆಟ್ಟು ಹಿಡಿದು ಪೇಟೆಯ ಹುಡುಗಿಯೊಬ್ಬಳು ಹೊಂಡದ ಸುತ್ತ ತಿರುಗಿದರೆ ಯಾರಿಗೆ ಬರುವುದಿಲ್ಲ?

"ಸರ್ವೆ ಮಾಡಾಕ ಬಂದೀರೇನ್ರಿ?" ಎಂದು ರೇವಣಸಿದ್ದಪ್ಪ ಕೇಳಿದ. "ರೋಡು ಬರ್ತದ? ಸೋಲಾರ್ ಹಾಕ್ತಾರ? ಮದಲ ಹೇಳ್ರಿ, ಆಮ್ಯಾಲ ನಮ್ಮ ಬಾಯಿಗಿ ಮಣ್ಣ ಹಾಕಬ್ಯಾಡ್ರಿ."

"ಇಲ್ರಿ ಕಾಕಾ. ಕಪ್ಪಿ ಎಣಿಸಾಕ ಬಂದೀನಿ. ಕಾಲೇಜಿನ ಕೆಲಸ."

"ಕಪ್ಪಿ ಎಣಿಸಿದ್ರ ನೌಕರಿ ಕೊಡ್ತಾರ?" ಎಂದು ನಕ್ಕ. ಆದರೆ ಕಣ್ಣು ನಗಲಿಲ್ಲ. ನನ್ನ ಚೀಲದ ಬಾಯಿಂದ ಇಣುಕುತ್ತಿದ್ದ ಕತ್ತರಿಯ ಮೇಲೆ ಅವನ ನೋಟ ನಿಂತಿತ್ತು. "ಕತ್ತರಿ ಯಾಕ?"

ಆ ಕ್ಷಣ ನಿಜ ಹೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಇಲಾಖೆಯ ಪತ್ರ ತೋರಿಸು ಎಂದರೆ ನನ್ನ ಹತ್ತಿರ ಇರಲಿಲ್ಲ. "ಹುಲ್ಲು ಕಟ್ ಮಾಡಾಕ್ರಿ," ಎಂದೆ. ಅದು ಮೊದಲ ಸುಳ್ಳು. ಬಹಳ ಸಣ್ಣದು ಅನ್ನಿಸಿತ್ತು.

ಜೂನ್ ಎರಡನೇ ವಾರದಲ್ಲಿ ಮಳೆ ಬಂತು. ಮರುದಿನ ಬೆಳಿಗ್ಗೆ ನಾನು ಟೆಂಪೊ ಇಳಿದು ಹೊಲದ ದಾರಿ ಹಿಡಿದಾಗಲೇ ಕೂಗು ಕೇಳಿಸಿತು. ದೊಡ್ಡ ಕೊಡಗಳನ್ನು ಯಾರೋ ಒಂದಕ್ಕೊಂದು ಬಡಿದಂತೆ. ಹೊಂಡದ ಕೆಂಪು ನೀರಿನ ತುಂಬ ಹಳದಿ ಕಪ್ಪೆಗಳು. ಒಂದರ ಬೆನ್ನ ಮೇಲೆ ಒಂದು ಹಾರುತ್ತ, ತಳ್ಳುತ್ತ, ಮುಳುಗುತ್ತ, ಏಳುತ್ತ ಇದ್ದವು. ಹೆಣ್ಣುಗಳು ಬಣ್ಣ ಬದಲಿಸಿರಲಿಲ್ಲ, ಮಣ್ಣಿನ ಹೆಂಟೆಗಳಂತೆ ಅಂಚಿನಲ್ಲಿ ಕೂತಿದ್ದವು. ಮೂರು ದಿನ ನಾನು ಊಟ ಮರೆತು ಮೊಳಕಾಲುದ್ದ ನೀರಿನಲ್ಲಿ ನಿಂತೆ. ಕಪ್ಪೆ ಹಿಡಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಳೆದು, ಕತ್ತರಿಯನ್ನು ಡೆಟಾಲ್‌ನಲ್ಲಿ ಅದ್ದಿ ಬೆರಳಿನ ತುದಿ ಕತ್ತರಿಸಿ ಬಿಡುತ್ತಿದ್ದೆ. ಮೊದಮೊದಲು ಕೈ ನಡುಗುತ್ತಿತ್ತು. ಹತ್ತನೆಯದರ ಹೊತ್ತಿಗೆ ನಡುಗುವುದು ನಿಂತಿತು. ಒಟ್ಟು ನಲವತ್ತೊಂದು ಕಪ್ಪೆ ನನ್ನ ಪುಸ್ತಕ ಸೇರಿದವು.

ಎರಡನೆಯ ದಿನ ತಲೆ ಎತ್ತಿದರೆ ನಾಗಮ್ಮ ದಂಡೆಯ ಮೇಲೆ ಕೂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ಬೆರಳ ಕತ್ತರಸ್ತಿಯೇನ ಯವ್ವಾ?"

"ಹೂಂ ಆಯಿ. ಗುರುತು ಹಿಡಿಯಾಕ. ನೋವಾಗಂಗಿಲ್ಲ."

"ನೋವು ಆಗ್ತದೋ ಇಲ್ಲೋ, ಕಪ್ಪಿ ಹೇಳಬೇಕು," ಎಂದು ಆಕೆ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಸ್ಟೀಲ್ ಲೋಟದಲ್ಲಿ ಚಹಾ ತಂದಳು. "ಕುಡಿ. ಇಲ್ಲಿ ಚಹಾ ಕುಡದೀನಿ ಅಂತ ರೇವಣಸಿದ್ದಪ್ಪನ ಮನ್ಯಾಗ ಹೇಳಬ್ಯಾಡ. ನಿನಗ ಮನಿ ಒಳಗ ಬಿಡಂಗಿಲ್ಲ."

ನಾನು ಕುಡಿದೆ, ಯಾರಿಗೂ ಹೇಳಲಿಲ್ಲ.

ಆಮೇಲೆ ಕಪ್ಪೆಗಳು ಮಾಯವಾದವು. ಮೊದಲ ಕೂಟ ಮುಗಿದ ಮೇಲೆ ಅವು ಚದುರುತ್ತವೆ ಎಂದು ಓದಿದ್ದೆ. ಆದರೂ ಹತ್ತಾದರೂ ಮತ್ತೆ ಸಿಗಬಹುದು ಎಂದುಕೊಂಡಿದ್ದೆ. ಜೂನ್ ಕೊನೆಗೆ ಎರಡನೇ ದೊಡ್ಡ ಮಳೆ ಬಂದಾಗ ಹೊಂಡದಲ್ಲಿ ಹೊಸ ಕಪ್ಪೆಗಳಿದ್ದವು, ಎಲ್ಲಕ್ಕೂ ಬೆರಳು ಸರಿಯಾಗಿದ್ದವು. ಗುರುತು ಮಾಡಿದ್ದು ಒಂದೂ ಇಲ್ಲ. ಹೊಂಡದಲ್ಲಿ ಗೊದಮೊಟ್ಟೆಗಳು ಒಂದನ್ನೊಂದು ತಿನ್ನುತ್ತ ಬೆಳೆಯುತ್ತಿದ್ದವು. ಜುಲೈಯಲ್ಲಿ ನಾನು ವಾರಕ್ಕೆ ಮೂರು ದಿನ ಸಂಜೆವರೆಗೂ ಸುತ್ತಿದೆ. ಪುಸ್ತಕದ 'ಮತ್ತೆ ಸಿಕ್ಕಿದ್ದು' ಎಂಬ ಕಾಲಂ ಖಾಲಿಯೇ ಉಳಿಯಿತು.

ಖಾಲಿ ಕಾಲಂ ನೋಡುತ್ತ ಕೂತವಳಿಗೆ ಅನುಮಾನ ಹುಟ್ಟಲು ಹೆಚ್ಚು ಹೊತ್ತು ಬೇಡ. ಕಾಶಿನಾಥ ದಿನಾ ಮುಂಜಾನೆ ಬೈಕಿನ ಹಿಂದೆ ಒದ್ದೆ ಗೋಣಿಚೀಲ ಕಟ್ಟಿಕೊಂಡು ಹೋಗುತ್ತಿದ್ದ. ಒಮ್ಮೆ ಅವನು ನನ್ನ ಪಕ್ಕದಲ್ಲೇ ಹಾದುಹೋದಾಗ ಚೀಲ ಒಳಗಿನಿಂದ ಮಿಸುಕಿತು. ಮೀನಾದರೆ ನೀರಿಂದ ತೆಗೆದ ಮೇಲೆ ಸಾಯುತ್ತದೆ, ಮಿಸುಕುವುದು ಏನು? ಗೂಳಿಗಪ್ಪೆಯ ತೊಡೆಗಳನ್ನು ಕದ್ದು ಮಾರುವವರಿದ್ದಾರೆ ಎಂದು ಎಲ್ಲೋ ಓದಿದ್ದೆ. ನನಗೆ ಎಲ್ಲವೂ ಸ್ಪಷ್ಟವಾಯಿತು. ಚಹಾ ಕೊಟ್ಟ ನಾಗಮ್ಮನೂ ಅದಕ್ಕೇ ದಂಡೆಯ ಮೇಲೆ ಕೂತು ನೋಡುತ್ತಿದ್ದಳು, ಕಪ್ಪೆ ಎಲ್ಲೆಲ್ಲಿವೆ ಎಂದು ಮಗನಿಗೆ ಹೇಳಲು. ಹೀಗೆಂದು ನನಗೆ ನಾನೇ ಹೇಳಿಕೊಂಡೆ.

ಕಾಶಿನಾಥನನ್ನು ನೇರವಾಗಿ ಕೇಳಲಿಲ್ಲ. ಹೋಗಿ ರೇವಣಸಿದ್ದಪ್ಪನ ಕಟ್ಟೆಯ ಮೇಲೆ ಕೂತು, ಅವನ ಸೊಸೆ ಭಾಗ್ಯಶ್ರೀ ಕೊಟ್ಟ ನೀರು ಕುಡಿದು ಹೇಳಿದೆ: "ಕಾಕಾ, ನನ್ನ ಕಪ್ಪಿ ಒಂದೂ ಕಾಣವಲ್ಲವು. ಕಾಶಿನಾಥನ ಮ್ಯಾಲ ನನಗ ಸಂಶಯ ಅದಾ. ಅವನ ಚೀಲ ನೋಡೀರೇನು?"

ರೇವಣಸಿದ್ದಪ್ಪ ಎಲೆ-ಅಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. "ನಾವೂ ನೋಡಾಕತ್ತೀವಿ, ಮೇಡಮರ," ಎಂದ ನಿಧಾನವಾಗಿ. "ಆ ಮನಿ ಮಂದಿ ಸರಳ ಇಲ್ಲ."

ಭಾಗ್ಯಶ್ರೀ ಆಗ ಐದು ತಿಂಗಳ ಗರ್ಭಿಣಿ. ಬಿ.ಎ. ಓದಿದವಳು, ನನಗಿಂತ ಎರಡು ಮೂರು ವರ್ಷ ಚಿಕ್ಕವಳು. ಬಾಗಿಲಲ್ಲಿ ನಿಂತು ನಮ್ಮ ಮಾತು ಕೇಳುತ್ತಿದ್ದಳು.

ಜುಲೈ ಕೊನೆಯ ವಾರ ನನಗೆ ಜ್ವರ ಬಂದು ಮನೆಯಲ್ಲೇ ಮಲಗಿದ್ದೆ. ಹತ್ತು ದಿನ ಬಿಟ್ಟು ಹಳ್ಳಿಗೆ ಹೋದಾಗ ದಾರಿಯಲ್ಲಿ ಸಿಕ್ಕವರು ಯಾರೂ ಮಾತಾಡಿಸಲಿಲ್ಲ. ರೇವಣಸಿದ್ದಪ್ಪನ ಮನೆಯ ಮುಂದೆ ಹದಿನೈದು ಇಪ್ಪತ್ತು ಜನ ಸೇರಿದ್ದರು. ನಡುವೆ ನಾಗಮ್ಮ ನೆಲದ ಮೇಲೆ ಕೂತಿದ್ದಳು. ಅವಳ ಮುಂದೆ ಪ್ಲಾಸ್ಟಿಕ್ ಬಕೆಟ್ಟು, ಮೇಲೆ ತಟ್ಟೆ ಮುಚ್ಚಿತ್ತು.

ನಡೆದದ್ದು ಇಷ್ಟು. ವಾರದ ಹಿಂದೆ ಭಾಗ್ಯಶ್ರೀಯ ಗರ್ಭ ಹೋಗಿತ್ತು. ಆಸ್ಪತ್ರೆಯಿಂದ ಬಂದ ಮರುದಿನ ಅವಳ ಅತ್ತೆ ಬಚ್ಚಲಿಗೆ ಹೋದರೆ ಅಲ್ಲೊಂದು ದೊಡ್ಡ ಕಪ್ಪೆ. ಓಡಿಸಲು ಹೋದಾಗ ಅದರ ಬೆರಳು ಕತ್ತರಿಸಿದ್ದು ಕಂಡಿತು. ಮುರಿದ ಬೆರಳಲ್ಲ, ಕತ್ತರಿಯಿಂದ ಕತ್ತರಿಸಿದಂತೆ ಸಮನಾದ ತುದಿ. ಮಾತು ಹಬ್ಬಿದ ಮೇಲೆ ಇನ್ನೆರಡು ಮನೆಯ ಬಚ್ಚಲಲ್ಲಿ, ಒಂದು ಮನೆಯ ದನದ ಕೊಟ್ಟಿಗೆಯಲ್ಲಿ ಅಂಥವೇ ಕಪ್ಪೆ ಸಿಕ್ಕವು. ಬಸುರಿ ಇರುವ ಮನೆಗೆ ಬೆರಳು ಕತ್ತರಿಸಿದ ಕಪ್ಪೆ ಬಿಟ್ಟು ಮಾಟ ಮಾಡಿದ್ದಾರೆ ಎಂದರು. ಬೇರು-ಎಲೆ ಗೊತ್ತಿದ್ದವಳು ಯಾರು? ಹೊಂಡದ ದಂಡೆಯಲ್ಲಿ ಇರುವವಳು ಯಾರು? ಕಪ್ಪೆ ಹಿಡಿಯುತ್ತಾನೆಂದು ಸಂಶಯ ಇರುವುದು ಯಾರ ಮಗನ ಮೇಲೆ?

ನಾನು ಕಳೆದುಕೊಂಡೆ ಎಂದುಕೊಂಡ ಕಪ್ಪೆಗಳು ಊರಿನ ಬಚ್ಚಲುಗಳಲ್ಲಿದ್ದವು. ಹೊಂಡ ಬಿಟ್ಟು ತೋಟದ ಕಾಲುವೆ ಹಿಡಿದು, ತಂಪು ಮತ್ತು ಹುಳು ಸಿಗುವ ಕಡೆಗೆ ಹೋಗಿದ್ದವು. ನನ್ನ ಖಾಲಿ ಕಾಲಂನ ಉತ್ತರ ಆ ಬಕೆಟ್ಟಿನೊಳಗೆ ಕೂತಿತ್ತು.

ನನ್ನನ್ನು ಕಂಡ ಕೂಡಲೇ ರೇವಣಸಿದ್ದಪ್ಪ ಕರೆದ. "ಬರ್ರಿ ಮೇಡಮರ, ಛಲೋ ಟೈಮಿಗಿ ಬಂದ್ರಿ. ಈಕಿ ಏನಂತಾಳ ಗೊತ್ತದೇನು? ಬೆರಳ ಕತ್ತರಸಿದವರು ನೀವಂತ. ಓದಿದ ಹುಡುಗಿ ಹಂತಾ ಹೊಲಸ ಕೆಲಸ ಯಾಕ ಮಾಡ್ತಾಳ? ಎಲ್ಲರ ಮುಂದ ಹೇಳ್ರಿ. ನೀವು ಕತ್ತರಸೀರೇನು?"

ನಾಗಮ್ಮ ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ. ದಾರಿ ತಪ್ಪಿದವಳಿಗೆ ಪರಿಚಯದವರು ಸಿಕ್ಕಾಗ ಆಗುವಂಥ ಸಮಾಧಾನ ಇತ್ತು.

ಜನ ಸುತ್ತುವರಿದಿದ್ದರು. ಭಾಗ್ಯಶ್ರೀಯ ಗಂಡ ಮೂಲೆಯಲ್ಲಿ ಕೆಂಪು ಕಣ್ಣು ಬಿಟ್ಟು ನಿಂತಿದ್ದ. ಹೌದು ಎಂದರೆ ಅವರು ನನ್ನನ್ನು ಏನು ಮಾಡುತ್ತಿದ್ದರು? ಅನುಮತಿ ಇಲ್ಲದೆ ಕಪ್ಪೆ ಮುಟ್ಟಿದ್ದಕ್ಕೆ ಇಲಾಖೆ ಏನು ಮಾಡುತ್ತಿತ್ತು? ನನ್ನ ಡಿಗ್ರಿ? ಅಪ್ಪ? ಇಷ್ಟೂ ಒಂದೇ ಉಸಿರಿನಲ್ಲಿ ತಲೆಯೊಳಗೆ ಓಡಿತು.

"ಇಲ್ರಿ," ಎಂದೆ. "ನಾ ಬರೇ ಎಣಿಸೀನಿ."

ನಾಗಮ್ಮ ನೋಟವನ್ನು ನಿಧಾನವಾಗಿ ನೆಲಕ್ಕೆ ಇಳಿಸಿದಳು. ಯಾರೋ ಒಬ್ಬರು ಉಗುಳಿದ ಸದ್ದು ಕೇಳಿಸಿತು. ನಾನು ಟೆಂಪೊಗೆ ಹೊತ್ತಾಯಿತು ಎಂದು ಹೇಳಿ ಅಲ್ಲಿಂದ ಬಂದುಬಿಟ್ಟೆ.

ಮರುದಿನ ಗೈಡ್ ಸರ್‌ಗೆ ಹೇಳಿದೆ. ಅವರು ಬಾಗಿಲು ಮುಚ್ಚಿ ಬಂದು ಕೂತರು. "ಯಾರ ಮುಂದೂ ಬಾಯಿ ಬಿಡಬ್ಯಾಡ. ಆ ಊರಿಗಿ ಮತ್ತ ಹೋಗಬ್ಯಾಡ. ಬೆರಳ ಕತ್ತರಸು ಅಂತ ನಾ ಲೆಕ್ಕಣಿಕಿಲೆ ಹಾಳಿ ಮ್ಯಾಲ ಬರಕೊಟ್ಟಿಲ್ಲ, ನೆನಪಿರಲಿ." ಅವರ ಮೇಲೂ ನನಗೆ ಆವತ್ತೇ ಅನುಮಾನ ಶುರುವಾಯಿತು. ಪತ್ರಕ್ಕೆ ಅರ್ಜಿ ನಿಜವಾಗಿ ಹೋಗಿತ್ತೇ? ನಾನು ಅದರ ಪ್ರತಿಯನ್ನು ಕಣ್ಣಾರೆ ನೋಡಿರಲೇ ಇಲ್ಲ.

ನಾಲ್ಕನೆಯ ದಿನ ವಿಭಾಗದ ಜವಾನ ಬಂದು, ಯಾರೋ ಕರೆಯುತ್ತಿದ್ದಾರೆ ಎಂದ. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕಾಶಿನಾಥ ನಿಂತಿದ್ದ. ಕೈಯಲ್ಲಿ ಎಣ್ಣೆಯ ಹಳೆಯ ಕ್ಯಾನು, ಮೇಲ್ಭಾಗ ಕತ್ತರಿಸಿ ಜಾಳಿಗೆ ಕಟ್ಟಿದ್ದ.

"ಅವ್ವನ ಮನಿ ತಗಡ ಕಿತ್ತಾರ್ರಿ," ಎಂದ. ದನಿ ಏರಲಿಲ್ಲ. "ಬೋರಿಂಗ್ ನೀರಿಗಿ ಬರಬ್ಯಾಡ ಅಂದ್ರು. ಅವ್ವ ತಾಜಸುಲ್ತಾನಪುರಕ್ಕ ನಮ್ಮ ಅಕ್ಕನ ಮನಿಗಿ ಹೋಗ್ಯಾಳ. ನಾ ಜಗಳಾಡಾಕ ಬಂದಿಲ್ರಿ." ಕ್ಯಾನನ್ನು ಮುಂದೆ ಹಿಡಿದ. ಒಳಗೆ ಗೂಳಿಗಪ್ಪೆ ಕೂತಿತ್ತು. "ಇದರ ಬೆರಳ ನೋಡ್ರಿ. ಇದು ನಿಮ್ಮದು ಹೌದಲ್ಲ? ನೀವೇ ಬಂದು ಹೇಳ್ರಿ. ನಮ್ಮ ಮಾತು ಅಲ್ಲಿ ನಡಿಯಂಗಿಲ್ಲ."

ನಾನು ಬಗ್ಗಿ ಜಾಳಿಗೆಯ ಕಂಡಿಗಳಿಂದ ಅದರ ಬೆರಳು ಎಣಿಸಿದೆ. ಅವನು ಮತ್ತೊಂದು ಮಾತು ಹೇಳಿದ.

"ನನ್ನ ಚೀಲದಾಗ ಕಪ್ಪಿ ಅದಾವ ಅಂತ ಹೇಳಿದ್ರಂತಲ್ಲ. ಹಾವಿನ ತಲಿ ಮೀನ್ರಿ ಅವು. ಒದ್ದಿ ಚೀಲದಾಗ ಹಾಕಿದ್ರ ಕಮಲಾಪುರ ಮುಟ್ಟೂತನಕ ಜೀವ ಇರ್ತಾವ. ಜೀವಂತ ಇದ್ರ ಮಂದಿ ತಗೋತಾರ. ಒಮ್ಮಿ ಚೀಲ ಬಿಚ್ಚು ಅಂದಿದ್ರ ಬಿಚ್ಚಿ ತೋರಸ್ತಿದ್ದೆ."

ಆ ಮೀನು ಕಿವಿರಿನ ಮೇಲಿನ ಗೂಡಿನಲ್ಲಿ ಗಾಳಿ ಹಿಡಿದು ಉಸಿರಾಡುತ್ತದೆ, ಒದ್ದೆ ಇದ್ದರೆ ಗಂಟೆಗಟ್ಟಲೆ ನೀರಿಲ್ಲದೆ ಬದುಕುತ್ತದೆ ಎಂದು ಚಿತ್ರ ಸಮೇತ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದವಳು ನಾನು. ಚೀಲ ಮಿಸುಕಿದಾಗ ಅದು ನೆನಪಾಗಲೇ ಇಲ್ಲ. ಅವನು ಕಳ್ಳ ಎಂದು ಮೊದಲೇ ನಿರ್ಧರಿಸಿದ್ದೆ, ಅದಕ್ಕೆ ಹೊಂದುವಷ್ಟನ್ನು ಮಾತ್ರ ನೆನಪಿಸಿಕೊಂಡಿದ್ದೆ.

ನಾಳೆ ಬರುತ್ತೇನೆ ಎಂದು ಅವನಿಗೆ ಹೇಳಿ, ಮರುದಿನ ಬೆಳಿಗ್ಗೆ ಪುಸ್ತಕ ತೆಗೆದುಕೊಂಡು ಹಳ್ಳಿಗೆ ಹೊರಟೆ. ಅಪ್ಪನಿಗೆ ಹಿಂದಿನ ಸಂಜೆ ಎಲ್ಲ ಹೇಳಿದ್ದೆ. ಅಪ್ಪ ಬೈಯಲಿಲ್ಲ, "ನಾನೂ ಬರ್ತೀನಿ" ಎಂದು ಮಿಲ್ಲಿಗೆ ರಜೆ ಹಾಕಿ ಜೊತೆಗೆ ಬಂದರು. ರೇವಣಸಿದ್ದಪ್ಪನ ಮನೆಯ ಕಟ್ಟೆಯ ಹತ್ತಿರ ಕಾಶಿನಾಥ ಕ್ಯಾನು ಇಟ್ಟು ದೂರ ನಿಂತ. ಜನ ಒಬ್ಬೊಬ್ಬರಾಗಿ ಸೇರಿದರು.

"ಕಾಕಾ, ಆವತ್ತು ನಾ ಸುಳ್ಳು ಹೇಳಿದೆ. ಬೆರಳ ಕತ್ತರಸಿದಾಕಿ ನಾನು. ನಾಗಮ್ಮ ಆಯಿ ಖರೆ ಹೇಳಿದ್ಳು."

ಮೊದಲು ಯಾರೂ ನಂಬಲಿಲ್ಲ. ಮುದುಕಿ ಈ ಹುಡುಗಿಗೂ ಏನೋ ಮಾಡಿದ್ದಾಳೆ, ಅದಕ್ಕೇ ಹೀಗೆ ಹೇಳುತ್ತಾಳೆ ಎಂದು ಒಬ್ಬಳು ಅಂದಳು. ನಾನು ಪುಸ್ತಕವನ್ನು ಭಾಗ್ಯಶ್ರೀಯ ಕೈಗೆ ಕೊಟ್ಟೆ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು, ಮುಖ ಬಿಳಿಚಿತ್ತು. "ಮೂವತ್ನಾಕನೇ ನಂಬರ್ ಓದವಾ," ಎಂದೆ. ಕ್ಯಾನಿನೊಳಗಿನ ಕಪ್ಪೆಯನ್ನು ಹಿಂದಿನ ದಿನವೇ ಗುರುತಿಸಿದ್ದೆ.

ಅವಳು ಗಟ್ಟಿಯಾಗಿ ಓದಿದಳು: "ಗಂಡು. ಎಡ ಮುಂಗಾಲು ಮೂರನೇ ಬೆರಳು, ಬಲ ಹಿಂಗಾಲು ಎರಡನೇ ಬೆರಳು. ಬೆನ್ನ ಮೇಲಿನ ಗೆರೆ ಅರ್ಧಕ್ಕೆ ನಿಂತಿದೆ."

ರೇವಣಸಿದ್ದಪ್ಪ ಕಟ್ಟೆಯಿಂದ ಇಳಿದು ಬಂದು ಕ್ಯಾನಿನ ಮೇಲೆ ಬಗ್ಗಿದ. ಬಹಳ ಹೊತ್ತು ನೋಡಿದ. ಅವನ ಹಿಂದೆ ಮೂರು ನಾಲ್ಕು ಜನ ಬಗ್ಗಿದರು. ಬೆನ್ನ ಮೇಲಿನ ಬಿಳಿ ಗೆರೆ ಅರ್ಧಕ್ಕೇ ನಿಂತಿತ್ತು. ಯಾರೋ ಬಚ್ಚಲಿನಲ್ಲಿ ಸಿಕ್ಕ ಇನ್ನೊಂದನ್ನು ಬಕೆಟ್ಟಿನಲ್ಲಿ ತಂದರು. ನಾನು ಬೆರಳು ನೋಡಿ ಹನ್ನೊಂದು ಎಂದೆ. ಭಾಗ್ಯಶ್ರೀ ಹಾಳೆ ತಿರುವಿ ಹನ್ನೊಂದನ್ನು ಓದಿದಳು. ಅದೂ ಹೊಂದಿತು. ಮೂರನೆಯದನ್ನು ತರುವುದಕ್ಕೆ ಯಾರೂ ಹೋಗಲಿಲ್ಲ.

"ಹಂಗಾದ್ರ," ಎಂದ ರೇವಣಸಿದ್ದಪ್ಪ, ಸೊಂಟ ನೆಟ್ಟಗೆ ಮಾಡುತ್ತ, "ನಮ್ಮ ಸೊಸಿಗಿ ಆಗಿದ್ದಕ್ಕ ನೀವೇ ಕಾರಣೇನು?"

ಭಾಗ್ಯಶ್ರೀಯ ಗಂಡ ಒಂದು ಹೆಜ್ಜೆ ಮುಂದೆ ಬಂದ. ಅಪ್ಪ ನನ್ನ ಮುಂದೆ ಬಂದು ನಿಂತರು. ಆಗ ಭಾಗ್ಯಶ್ರೀ ಪುಸ್ತಕ ಮುಚ್ಚಿದಳು.

"ಸಾಕು ಮಾಡ್ರಿ ಮಾವ," ಎಂದಳು. ದನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಕೂಸು ಸರಿಯಾಗಿ ಬೆಳೀವಲ್ದು, ಉಳಿಯೂದು ಕಷ್ಟ ಅಂತ ಕಲಬುರಗಿ ಡಾಕ್ಟರು ಮದಲೇ ಹೇಳಿದ್ರು. ನೀವೂ ಕೇಳೀರಿ, ಅತ್ತಿಯೂ ಕೇಳ್ಯಾರ. ನನ್ನ ಹೊಟ್ಟಿ ಸಂಕಟ ತಗೊಂಡು ಆ ಮುದುಕಿನ ಹೊರಗ ಹಾಕಿದ್ರಿ. ಈಗ ಇವರನ್ನೂ ಹೊಡೀರಿ. ಕೂಸು ಬರ್ತದೇನು?"

ಅವಳು ಪುಸ್ತಕವನ್ನು ನನ್ನ ಕೈಗಿಟ್ಟು ಒಳಗೆ ಹೋದಳು.

ಹೊಂಡದ ದಾರಿಯಿಂದ ಮರಳುವಾಗ ನಾಗಮ್ಮನ ಮನೆ ಇದ್ದ ಜಾಗ ಕಂಡಿತು. ನಾಲ್ಕು ಕಂಬದ ಗುಂಡಿ, ಒಲೆಯ ಮೂರು ಕಲ್ಲು ಉಳಿದಿದ್ದವು. ಅದರಾಚೆ, ಬಾಳೆತೋಟದ ಬೇಲಿ ಮೊದಲಿದ್ದ ಕಡೆಯಿಂದ ಹತ್ತು ಮಾರು ಈಚೆಗೆ, ನಾಗಮ್ಮನ ಜಾಗದತ್ತ, ಹೊಸ ಕಲ್ಲಿನ ಕಂಬಗಳನ್ನು ಹೂಳಿದ್ದರು. ತಂತಿ ಇನ್ನೂ ಎಳೆದಿರಲಿಲ್ಲ. ಐದು ದಿನದೊಳಗೆ ಅಷ್ಟು ಕಂಬ ತರಿಸಿ ಹೂಳಲು ಆಗುತ್ತದೆಯೇ, ಅಥವಾ ಮೊದಲೇ ತರಿಸಿದ್ದರೇ? ಕಾಶಿನಾಥನನ್ನು ಕೇಳಿದೆ. ಅವನು ಕಂಬಗಳನ್ನು ನೋಡಿದ, ನನ್ನನ್ನು ನೋಡಿದ. "ನಾ ಏನೂ ಹೇಳಂಗಿಲ್ರಿ," ಎಂದ. "ಖರೆ ಗೊತ್ತಿಲ್ದ ಹೇಳಬಾರದು." ನನಗೆ ಇಂದಿಗೂ ಗೊತ್ತಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ವಿಭಾಗಕ್ಕೆ ಲಿಖಿತವಾಗಿ ಎಲ್ಲ ಬರೆದುಕೊಟ್ಟೆ. ವಿದ್ಯಾರ್ಥಿನಿ ತನ್ನಷ್ಟಕ್ಕೇ ಮಾಡಿದ್ದು, ತಮಗೆ ತಿಳಿಯದು ಎಂದು ಗೈಡ್ ಸರ್ ಬರೆದುಕೊಟ್ಟರು. ನನ್ನ ಪ್ರಬಂಧ ರದ್ದಾಯಿತು, ಒಂದು ವರ್ಷ ಹೋಯಿತು. ಮರುವರ್ಷ ಬೇರೆಯವರ ಕೆಳಗೆ, ಮೀನು ಮಾರುಕಟ್ಟೆಗೆ ಬರುವ ಮೀನುಗಳ ಕಿವಿರಿನ ಹುಳುಗಳ ಮೇಲೆ ಪ್ರಬಂಧ ಬರೆದು ಪಾಸಾದೆ. ಈಗ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಕಪ್ಪೆಯ ಪಾಠ ಬಂದಾಗ ಚೆನ್ನಾಗಿಯೇ ಮಾಡುತ್ತೇನೆ.

ಆ ಶ್ರಾವಣದಲ್ಲಿ, ಊರಿನವರ ಮುಂದೆ ಒಪ್ಪಿಕೊಂಡ ಮೂರನೇ ದಿನ, ನಾನೊಬ್ಬಳೇ ತಾಜಸುಲ್ತಾನಪುರಕ್ಕೆ ಹೋದೆ. ಕಾಶಿನಾಥನ ಅಕ್ಕನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಾಗಮ್ಮ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಡಲಿಲ್ಲ. ಕೂಡು ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ನೆಲದ ಮೇಲೆ ಕೂತೆ.

"ಆಯಿ, ಊರಾಗ ಎಲ್ಲರ ಮುಂದ ಹೇಳಿ ಬಂದೀನಿ. ಬೆರಳ ಕತ್ತರಸಿದಾಕಿ ನಾನೇ ಅಂತ. ಪುಸ್ತಕ ತೋರಿಸೀನಿ. ಎಲ್ಲರೂ ನಂಬ್ಯಾರ."

"ಕಾಶಿ ಹೇಳ್ಯಾನ."

"ರೇವಣಸಿದ್ದಪ್ಪ ಕಾಕಾ ನಿನಗ ತಿರುಗಿ ಬಾ ಅಂತ ಹೇಳಿ ಕಳಸ್ಯಾರಂತ. ತಗಡ ಹಾಕಿಸಿಕೊಡ್ತಾರಂತ."

ಆಕೆ ಬೇಳೆಯೊಳಗಿನ ಸಣ್ಣ ಕಲ್ಲೊಂದನ್ನು ಹೆಕ್ಕಿ ಎಸೆದಳು. "ನಾ ಹೋಗಂಗಿಲ್ಲ."

"ನನ್ನದು ತಪ್ಪಾತು ಆಯಿ," ಎಂದೆ. ಅಳು ಬಂತು. ತಡೆದುಕೊಂಡೆ, ಅಲ್ಲಿ ಅಳುವ ಹಕ್ಕು ನನ್ನದಲ್ಲ ಅನ್ನಿಸಿತು.

ನಾಗಮ್ಮ ಆಗ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ. ಅರ್ಥವಾಗದವರಿಗೆ ಲೆಕ್ಕ ಬಿಡಿಸಿ ಹೇಳುವವಳ ಹಾಗೆ ನಿಧಾನವಾಗಿ ಹೇಳಿದಳು:

"ನೀ ಸುಳ್ಳ ಹೇಳಿದಿ, ನಂಬಿದ್ರು. ನೀ ಖರೆ ಹೇಳಿದಿ, ಆಗೂ ನಂಬಿದ್ರು. ನಾ ಮದಲಿನಿಂದ ಒಂದೇ ಮಾತ ಹೇಳಾಕತ್ತೀನಲ್ಲ ಯವ್ವಾ, ನನ್ನ ಯಾವತ್ತು ನಂಬ್ಯಾರ? ನಿನ್ನ ಮಾತಿನ ಮ್ಯಾಲ ತಗಡ ಹಾಕ್ತಾರ. ನಾಳಿ ಮತ್ತ್ಯಾರೋ ಬಂದು ಏನೋ ಅಂದ್ರ, ಮತ್ತ ಕೀಳ್ತಾರ."

ಆಕೆ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ಬೇಳೆ ಮೊರದಲ್ಲಿ ಏರುತ್ತ ಇಳಿಯುತ್ತ ಇತ್ತು. ನಾಗಮ್ಮ ಮತ್ತೆ ತಲೆ ಎತ್ತಲಿಲ್ಲ.